ಸನ್ಮಾನ್ಯ ಹೀಟ್ ಅವರಿಗೊಂದು ಬಹಿರಂಗ ಪತ್ರ

ಗೆ,
ಶ್ರೀ ಉಷ್ಣ ಯಾನೆ ಹೀಟ್,
ಹಿರಿಯ ಸಲಹಾ ವೈದ್ಯರು (ಪದವಿ ಇಲ್ಲ, ಫೀಸೂ ಇಲ್ಲ),
ಮಂಗಳೂರು ನಗರ ಮತ್ತು ಸುತ್ತಲಿನ ಹತ್ತೂರು.

ಮಾನ್ಯರೇ,

‘ತಾವು’ ಎಂದು ಶುರು ಮಾಡಿದೆ. ನಾಲ್ಕು ಸಾಲಿನಲ್ಲೇ ಪತ್ರ ತಾಲೂಕು ಕಚೇರಿಯ ಅರ್ಜಿಯಂತೆ ಕಾಣತೊಡಗಿತು. ನಿಮ್ಮಷ್ಟು ಹತ್ತಿರದವರು ಈ ಊರಿನಲ್ಲಿ ಇನ್ನು ಯಾರಿದ್ದಾರೆ? ಹಾಗಾಗಿ ‘ನೀವು’ ಎಂದೇ ಬರೆಯುತ್ತೇನೆ.

ಮೊದಲು ಅಭಿನಂದನೆ. ವೆನ್‌ಲಾಕ್ ಆಸ್ಪತ್ರೆ 1848ರಿಂದ ಇಲ್ಲಿದೆ. 1880ರಲ್ಲಿ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಔಷಧ ಕೊಡಲು ಕುಳಿತರು. ಆಮೇಲೆ ಅತ್ತಾವರ, ಕುಂಟಿಕಾನ, ದೇರಳಕಟ್ಟೆ ಎಂದು ಆಸ್ಪತ್ರೆಗಳು ಎದ್ದವು. ಈಗ ಊರಿನ ಆಚೀಚೆ ಲೆಕ್ಕ ಹಾಕಿದರೆ ಅರ್ಧ ಡಜನಿಗೂ ಮಿಕ್ಕಿ ವೈದ್ಯಕೀಯ ಕಾಲೇಜುಗಳಿವೆ. ಕಾಸರಗೋಡಿನವರಿಗೂ ಆಸ್ಪತ್ರೆ ಅಂದರೆ ಮಂಗಳೂರೇ. 2020ರ ಕೊರೊನಾ ಕಾಲದಲ್ಲಿ ತಲಪಾಡಿಯ ಕೇರಳ ಗಡಿ ಮುಚ್ಚಿದಾಗ ಆ ನಂಟಿನ ವಿಷಯ ಕೋರ್ಟಿನವರೆಗೆ ಹೋಯಿತು. ಇಷ್ಟೆಲ್ಲ ಇದ್ದರೂ ಯಾವ ಕಾಯಿಲೆಗೂ ಮೊದಲ ಅಭಿಪ್ರಾಯ ಮಾತ್ರ ನಿಮ್ಮದೇ. ಟೋಕನ್ ಇಲ್ಲದೆ, ಬೋರ್ಡು ಇಲ್ಲದೆ ಇಷ್ಟು ದೊಡ್ಡ ಪ್ರಾಕ್ಟೀಸು ನಡೆಸುವುದು ಸಣ್ಣ ಸಾಧನೆಯಲ್ಲ.

ಬಾಯಿಹುಣ್ಣು? ಹೀಟ್. ಕಣ್ಣುರಿ? ಹೀಟ್. ಮಗುವಿನ ಮೂಗಿನಲ್ಲಿ ರಕ್ತ, ಮದುಮಗಳ ಮುಖದಲ್ಲಿ ಮೊಡವೆ, ಅಳಿಯನ ಸಿಟ್ಟು, ಎಲ್ಲವೂ ಹೀಟ್. ಚಿಕಿತ್ಸೆಯೂ ಸುಲಭ: ಬೊಂಡ, ಬಾರ್ಲಿ ನೀರು, ಕೊತ್ತಂಬರಿ-ಜೀರಿಗೆ ಕಷಾಯ, ಪುನರ್ಪುಳಿ ಶರಬತ್ತು, ನೆತ್ತಿಗೊಂದಿಷ್ಟು ಎಣ್ಣೆ. ಕಟೀಲಿನ ಅಮ್ಮನಿಗೇ ಎಳನೀರಿನ ಅಭಿಷೇಕ ನಡೆಯುವ ಜಿಲ್ಲೆಯಲ್ಲಿ ಬೊಂಡವನ್ನು ಹಗುರವಾಗಿ ಆಡುವಷ್ಟು ಧೈರ್ಯ ನನಗಿಲ್ಲ. ನಿಮ್ಮ ಮಾತು ಪೂರ್ತಿ ಸುಳ್ಳೂ ಅಲ್ಲ. ಏಪ್ರಿಲ್ ಸೆಕೆಯಲ್ಲಿ ಧಕ್ಕೆಯಲ್ಲಿ ಮೀನು ಹೊತ್ತು ಬೆವರು ಸುರಿಸಿದವನಿಗೆ ಮೂತ್ರ ಗಟ್ಟಿ ಹಳದಿಯಾಗುತ್ತದೆ, ಉರಿಯೂ ಆಗುತ್ತದೆ. ಅವನು ನೀರು ಕುಡಿಯಲಿ, ಬೊಂಡ ಕುಡಿಯಲಿ, ಗುಣ ಕಂಡೀತು. ಆ ಖಾತೆ ನಿಮಗೇ ಇರಲಿ.

ನನ್ನ ತಕರಾರು ಒಂದೇ ಒಂದು ಖಾತೆಯ ಬಗ್ಗೆ. ಒಂದಕ್ಕೆ ಹೋದಾಗ ಮೂತ್ರ ಕೆಂಪಾಗಿ ಕಂಡರೆ, ಆ ಕೆಂಪನ್ನು ನೀವು ಬಿಟ್ಟುಕೊಡಬೇಕು.

ಹಳದಿಯಲ್ಲ, ಕೆಂಪು. ಚಹಾದ ಬಣ್ಣ ಇರಬಹುದು, ಪುನರ್ಪುಳಿಯ ಬಣ್ಣ ಇರಬಹುದು, ಕೆಲವೊಮ್ಮೆ ಹೆಪ್ಪುಗಟ್ಟಿದ ತುಂಡುಗಳೂ ಬೀಳಬಹುದು. ನೋವು ಇಲ್ಲ, ಜ್ವರ ಇಲ್ಲ. ಐವತ್ತೈದು-ಅರುವತ್ತು ದಾಟಿದ ಗಂಡಸು, ಯೌವನದಿಂದ ಬೀಡಿಯೋ ಸಿಗರೇಟೋ ಸೇದಿದವನು. ಬಚ್ಚಲಿನಿಂದ ಹೊರಗೆ ಬಂದು ಹೆಂಡತಿಗೂ ಹೇಳುವುದಿಲ್ಲ. ಹೇಳಿದರೂ ಜಗಲಿಯಲ್ಲಿ ಕೂತ ಯಾರಾದರೊಬ್ಬರು ನಿಮ್ಮ ಪರವಾಗಿ ತೀರ್ಪು ಕೊಟ್ಟೇ ಬಿಡುತ್ತಾರೆ: “ಎಂತದ್ದೂ ಇಲ್ಲ ಮಾರಾಯ್ರೆ, ಹೀಟ್. ಎರಡು ಬೊಂಡ ಕುಡೀರಿ.” ಅವನು ಕುಡಿಯುತ್ತಾನೆ. ಮರುದಿನ ಬಣ್ಣ ತಿಳಿಯಾಗುತ್ತದೆ, ಕೀರ್ತಿ ನಿಮಗೆ ಸೇರುತ್ತದೆ.

ನಿಮ್ಮ ಕೀರ್ತಿಯ ಗುಟ್ಟು ಹೇಳಿಬಿಡುತ್ತೇನೆ, ಬೇಸರ ಮಾಡಬೇಡಿ. ಮೂತ್ರಕೋಶದ ಒಳಪದರದಲ್ಲಿ ಏಳುವ ಗಡ್ಡೆ ಬಹಳ ಸಲ ಹೂಕೋಸಿನ ಹಾಗೆ ಒಳಗೆ ಚಾಚಿಕೊಂಡು ಬೆಳೆಯುತ್ತದೆ. ಅದರ ತುದಿಯ ರಕ್ತನಾಳಗಳು ತೀರಾ ನಾಜೂಕು. ಒಂದು ದಿನ ಒಡೆಯುತ್ತವೆ, ರಕ್ತ ಬರುತ್ತದೆ. ತಾವಾಗಿ ಮುಚ್ಚಿಕೊಳ್ಳುತ್ತವೆ, ರಕ್ತ ನಿಲ್ಲುತ್ತದೆ. ಮುಂದಿನದು ಮೂರು ವಾರಕ್ಕೆ ಬರಬಹುದು, ಆರು ತಿಂಗಳಿಗೂ ಬರಬಹುದು. ಬೊಂಡ ಕುಡಿದರೂ ನಿಲ್ಲುತ್ತಿತ್ತು, ಸೋಡಾ ಕುಡಿದರೂ ನಿಲ್ಲುತ್ತಿತ್ತು, ಏನೂ ಕುಡಿಯದಿದ್ದರೂ ನಿಲ್ಲುತ್ತಿತ್ತು. ನೀವು ಗುಣ ಮಾಡಿದ್ದೀರಿ ಎಂದು ಊರು ನಂಬಿದ ಆ ಆರು ತಿಂಗಳಲ್ಲಿ ಗಡ್ಡೆ ಸುಮ್ಮನೆ ಕೂತಿರುವುದಿಲ್ಲ.

ಹಾಗೆಂದು ಕೆಂಪೆಲ್ಲ ಕ್ಯಾನ್ಸರ್ ಎಂದು ಹೆದರಿಸುತ್ತಿಲ್ಲ. ಬೀಟ್‌ರೂಟ್ ಪಲ್ಯ ತಿಂದರೂ ಬಣ್ಣ ಬರಬಹುದು. ಕಲ್ಲು, ಸೋಂಕು, ಪ್ರಾಸ್ಟೇಟ್ ಗ್ರಂಥಿಯ ಊತದಿಂದಲೂ ರಕ್ತ ಬರುತ್ತದೆ. ಕಣ್ಣಿಗೆ ಕಾಣುವಷ್ಟು ರಕ್ತ ಹೋದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಯಾರಿಗೆ ಇದೆ, ಯಾರಿಗೆ ಇಲ್ಲ ಎಂಬುದು ಜಗಲಿಯಲ್ಲಿ ಕೂತು ತೀರ್ಮಾನವಾಗುವ ಸಂಗತಿಯಲ್ಲ. ಬ್ರಿಟನ್ನಿನ ಮಾರ್ಗಸೂಚಿಯ ಪ್ರಕಾರ, 45 ದಾಟಿದವರ ಮೂತ್ರದಲ್ಲಿ ಸೋಂಕಿಲ್ಲದೆ ರಕ್ತ ಕಂಡರೆ ಒಂದೇ ಸಲವಾದರೂ ತುರ್ತಾಗಿ ಕ್ಯಾನ್ಸರ್ ತಪಾಸಣೆಗೆ ಕಳುಹಿಸಬೇಕು. ಎರಡನೇ ಸಲಕ್ಕೆ ಕಾಯುವ ಪದ್ಧತಿ ಅಲ್ಲಿಲ್ಲ. ಅಲ್ಲಿ ಬೊಂಡವೂ ಇಲ್ಲ, ಅದು ಬೇರೆ ಮಾತು.

ನಿಮಗೆ ಇಬ್ಬರು ಸಹಾಯಕರೂ ಇದ್ದಾರೆ. ಒಬ್ಬರು ಶ್ರೀ ಕಲ್ಲು. “ಕಲ್ಲು ಇರಬೇಕು” ಎಂದ ಕೂಡಲೇ ಬಾಳೆದಿಂಡಿನ ರಸ, ಹುರುಳಿ ಸಾರು ತಯಾರಾಗುತ್ತವೆ. ಕಲ್ಲು ಸಾಮಾನ್ಯವಾಗಿ ಮನುಷ್ಯನನ್ನು ನೋವಿನಿಂದ ಹೊರಳಾಡಿಸುತ್ತದೆ. ನೋವೇ ಇಲ್ಲದ ರಕ್ತ ಅದಕ್ಕಿಂತ ಹೆಚ್ಚು ಗಂಭೀರ ಎನ್ನುವುದು ನಮ್ಮ ತಲೆಗೆ ಹೋಗುವುದಿಲ್ಲ, ಏಕೆಂದರೆ ನೋವಿಲ್ಲದ್ದು ಕಾಯಿಲೆಯೇ ಅಲ್ಲ ಎಂಬ ನಂಬಿಕೆಯಲ್ಲಿ ಬೆಳೆದವರು ನಾವು. ಇನ್ನೊಬ್ಬರು ಶ್ರೀಮತಿ ಇನ್‌ಫೆಕ್ಷನ್. ಇವರ ಕಾರ್ಯಕ್ಷೇತ್ರ ಹೆಂಗಸರು. ಗಂಡಸರಿಗೆ ಈ ಗಡ್ಡೆ ಮೂರು ನಾಲ್ಕು ಪಟ್ಟು ಹೆಚ್ಚು ಬರುತ್ತದೆ, ನಿಜ. ಆದರೆ ಹೆಂಗಸರಿಗೆ ಬಂದಾಗ ಹೆಚ್ಚು ಸಲ ತಡವಾಗಿ ಗೊತ್ತಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಒಂದು ಕೋರ್ಸು ಆಂಟಿಬಯೋಟಿಕ್, ಕಡಿಮೆ ಆಗದಿದ್ದರೆ ಇನ್ನೊಂದು ಕೋರ್ಸು, ಮತ್ತೆ “ಮುಟ್ಟು ನಿಲ್ಲುವ ಪ್ರಾಯ ಅಲ್ವಾ” ಎಂಬ ಸಮಾಧಾನ. ಮೂತ್ರ ಕಲ್ಚರ್ ಮಾಡಿಸಿ, ಸೋಂಕು ಇಲ್ಲ ಎಂದು ಬಂದ ಮೇಲೂ ರಕ್ತ ಕಂಡರೆ ಮೂರನೇ ಕೋರ್ಸಿಗೆ ಅರ್ಥವಿಲ್ಲ.

ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವ ಹೃದ್ರೋಗಿಗಳಿಗೆ ಮೂರನೆಯ ನೆಪ ಸಿದ್ಧವಿದೆ: “ಆ ಮಾತ್ರೆಯಿಂದಲೇ.” ಇರಬಹುದು. ಆದರೆ ಆ ಮಾತ್ರೆ ಗಡ್ಡೆ ಇಲ್ಲದ ಜಾಗದಿಂದ ರಕ್ತ ತರುವ ಬದಲು, ಇರುವ ಗಡ್ಡೆಯ ರಕ್ತ ಬೇಗ ಕಾಣುವಂತೆ ಮಾಡುವುದೂ ಉಂಟು. ಅವರನ್ನೂ ಪರೀಕ್ಷಿಸಬೇಕು.

ಬೀಡಿಯ ವಿಷಯಕ್ಕೆ ಬರೋಣ. ಇಲ್ಲಿ ನಿಮಗೆ ಸ್ವಲ್ಪ ಖುಷಿಯಾದೀತು, ಬೀಡಿ ಹೀಟ್ ಎಂದು ನಮ್ಮವರೂ ಒಪ್ಪುತ್ತಾರೆ. ಒಪ್ಪಿ, ಸೇದಿ, ಮೇಲಿನಿಂದ ಬೊಂಡ ಕುಡಿಯುತ್ತಾರೆ. ಈ ಜಿಲ್ಲೆಯ ಸಾವಿರಾರು ಹೆಂಗಸರು ಎಲೆ ಕತ್ತರಿಸಿ, ಸುರುಟಿ, ಕಟ್ಟು ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಅವರ ಬೆರಳಿನ ಮೇಲೆ ಕೈ ಮಾಡುವ ಪತ್ರ ಇದಲ್ಲ. ಆದರೆ ಹೊಗೆ ಶ್ವಾಸಕೋಶದಲ್ಲೇ ನಿಲ್ಲುತ್ತದೆ ಎಂದುಕೊಂಡವರಿಗೆ ಅದರ ಮುಂದಿನ ದಾರಿ ಗೊತ್ತಿಲ್ಲ. ಹೊಗೆಯ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ, ಮೂತ್ರಪಿಂಡ ಅವನ್ನು ಸೋಸಿ ಕೆಳಗೆ ಕಳುಹಿಸುತ್ತದೆ, ಮೂತ್ರಕೋಶ ಅವನ್ನು ಗಂಟೆಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಮೂತ್ರಕೋಶದ ಕ್ಯಾನ್ಸರಿನ ಸುಮಾರು ಅರ್ಧದಷ್ಟಕ್ಕೆ ಧೂಮಪಾನವೇ ಕಾರಣ ಎಂದು ಲೆಕ್ಕ ಹಾಕಿದ್ದಾರೆ. ಸೇದುವುದನ್ನು ಬಿಟ್ಟ ಮೇಲೆ ಅಪಾಯ ಇಳಿಯುತ್ತದೆ, ನಿಧಾನಕ್ಕೆ.

ರಾಸಾಯನಿಕದಿಂದ ಮೂತ್ರಕೋಶದಲ್ಲಿ ಗಡ್ಡೆ ಏಳುವುದು ಹೊಸ ಸಂಗತಿಯೇನಲ್ಲ. 1895ರಲ್ಲಿಯೇ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೆನ್, ಬಣ್ಣ ತಯಾರಿಸುವ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗಡ್ಡೆ ಕಂಡು, ಅವರು ಮುಟ್ಟುವ ರಾಸಾಯನಿಕದ ಕಡೆ ಬೆರಳು ತೋರಿಸಿದ. ಅದೇ ಕುಲದ ರಾಸಾಯನಿಕಗಳು ತಂಬಾಕಿನ ಹೊಗೆಯಲ್ಲಿಯೂ ಇವೆ. ಇನ್ನೊಂದು ಸಂಗತಿ ನಮ್ಮ ಸಕ್ಕರೆ ಕಾಯಿಲೆಯವರಿಗೆ. ಪಯೋಗ್ಲಿಟಜೋನ್ ಎಂಬ ಮಾತ್ರೆಯನ್ನು ಮೂತ್ರಕೋಶದ ಕ್ಯಾನ್ಸರಿನ ಭಯದಿಂದ 2013ರ ಜೂನ್‌ನಲ್ಲಿ ಭಾರತ ಸರ್ಕಾರ ತಡೆಹಿಡಿದು, ಜುಲೈ ಕೊನೆಗೆ ಎಚ್ಚರಿಕೆಯ ಬರಹದೊಂದಿಗೆ ಮತ್ತೆ ಬಿಟ್ಟಿತು. ಅದನ್ನು ನುಂಗುವವರು ಹೆದರಿ ತಾವೇ ನಿಲ್ಲಿಸುವುದು ಬೇಡ. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ನಿಮ್ಮ ಬಳಿ ಬಾರದೆ ವೈದ್ಯರ ಬಳಿ ಹೋಗಲಿ.

ಹೋದರೆ ಏನಾಗುತ್ತದೆ? ಮೂತ್ರ ಪರೀಕ್ಷೆ, ಅದರಲ್ಲಿ ಉದುರಿದ ಕೋಶಗಳ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್, ಅಗತ್ಯವಿದ್ದರೆ ಸಿಟಿ. ಸ್ಕ್ಯಾನಿಂಗಿಗೆ ಹೋಗುವ ಮೊದಲು ಲೀಟರುಗಟ್ಟಲೆ ನೀರು ಕುಡಿಸಿ ಕೂರಿಸುತ್ತಾರೆ, ಮೂತ್ರಕೋಶ ತುಂಬಿದ್ದರೆ ಗೋಡೆ ಚೆನ್ನಾಗಿ ಕಾಣುತ್ತದೆ. ಆದರೂ ಸಣ್ಣ ಗಡ್ಡೆ, ಚಪ್ಪಟೆಯಾಗಿ ಹರಡಿದ ಗಡ್ಡೆ ಸ್ಕ್ಯಾನಿಗೆ ಸಿಗದೆ ಹೋಗಬಹುದು. “ಸ್ಕ್ಯಾನಿಂಗ್ ನಾರ್ಮಲ್” ಎಂಬ ಕಾಗದ ಹಿಡಿದು ನಿಮ್ಮಲ್ಲಿಗೆ ಮರಳುವವರು ಇಲ್ಲಿಯೇ ದಾರಿ ತಪ್ಪುತ್ತಾರೆ. ಮುಖ್ಯ ಪರೀಕ್ಷೆ ಇನ್ನೂ ಬಾಕಿ ಇರುತ್ತದೆ: ಸಿಸ್ಟೋಸ್ಕೋಪಿ. ಮೂತ್ರದ ದಾರಿಯಲ್ಲೇ ಕ್ಯಾಮೆರಾ ಕಳುಹಿಸಿ ಒಳಗೆ ಕಣ್ಣಾರೆ ನೋಡುವುದು.

ಇದನ್ನು ಕೇಳಿದ ಕೂಡಲೇ ಊರಿನ ಗಂಡಸು ಎದ್ದು ನಿಲ್ಲುತ್ತಾನೆ. ಹೊಟ್ಟೆ ಕೊಯ್ಯಲು ಬೇಕಾದರೂ ಒಪ್ಪುತ್ತಾನೆ, ಇದಕ್ಕೆ ಮಾತ್ರ ಒಲ್ಲೆ ಎನ್ನುತ್ತಾನೆ. 1877ರಲ್ಲಿ ಜರ್ಮನಿಯ ಮ್ಯಾಕ್ಸ್ ನಿಟ್ಜೆ ತೋರಿಸಿದ ಮೊದಲ ಉಪಕರಣಕ್ಕೆ ಹೆದರಿದ್ದರೆ ನ್ಯಾಯವಿತ್ತು, ಗಟ್ಟಿ ಲೋಹದ ಕೊಳವೆ ಅದು. ಈಗ ಬಗ್ಗುವ ಸಣ್ಣ ನಳಿಕೆ ಬಂದಿದೆ. ಜೆಲ್ಲಿ ಹಾಕಿ ಮರಗಟ್ಟಿಸುತ್ತಾರೆ, ಕೆಲವೇ ನಿಮಿಷದ ಕೆಲಸ, ಆಮೇಲೆ ಒಂದೆರಡು ದಿನ ಉರಿ. ಆ ಉರಿಗೆ ನಿಮ್ಮ ಬಾರ್ಲಿ ನೀರು ಧಾರಾಳ ಕೊಡಬಹುದು. ನೋಡಿ, ನಿಮಗೂ ಕೆಲಸ ಕೊಟ್ಟೆ.

ಗಡ್ಡೆ ಕಂಡರೆ ಮುಂದಿನದು ಟಿಯುಆರ್‌ಬಿಟಿ. ಸೊಂಟದಿಂದ ಕೆಳಗೆ ಮರಗಟ್ಟಿಸಿ, ಮೂತ್ರದ ದಾರಿಯಲ್ಲೇ ಉಪಕರಣ ಕಳುಹಿಸಿ, ವಿದ್ಯುತ್ತಿನ ತಂತಿಯಿಂದ ಗಡ್ಡೆಯನ್ನು ಚೂರು ಚೂರಾಗಿ ಕೆರೆದು ತೆಗೆಯುತ್ತಾರೆ. ಹೊಟ್ಟೆಗೆ ಗಾಯವಿಲ್ಲ, ಎರಡು ಮೂರು ದಿನ ನಳಿಕೆ ಇರುತ್ತದೆ. ಇದು ಚಿಕಿತ್ಸೆಯೂ ಹೌದು, ಪತ್ತೆಯೂ ಹೌದು, ಏಕೆಂದರೆ ನಿಜವಾದ ತೀರ್ಪು ಬರುವುದು ಆ ಚೂರುಗಳ ಬಯಾಪ್ಸಿಯಲ್ಲಿ. ಆ ವರದಿಯಲ್ಲಿ ಒಂದು ವಿಷಯ ಮಾತ್ರ ರೋಗಿಯೇ ಕೇಳಿ ತಿಳಿದುಕೊಳ್ಳಬೇಕು: ತೆಗೆದ ಚೂರಿನಲ್ಲಿ ಮೂತ್ರಕೋಶದ ಸ್ನಾಯು ಇತ್ತೇ? ಇದ್ದರೆ, ಅದಕ್ಕೆ ಗಡ್ಡೆ ಇಳಿದಿತ್ತೇ?

ಎಲ್ಲ ಲೆಕ್ಕಾಚಾರ ಈ ಸ್ನಾಯುವಿನ ಮೇಲೆ ನಿಂತಿದೆ. ಗಡ್ಡೆ ಒಳಪದರದಲ್ಲೇ ಇದ್ದರೆ ‘ಟಿಎ’. ಅದರ ಕೆಳಗಿನ ಸಡಿಲ ಪದರಕ್ಕೆ ಇಳಿದರೆ ‘ಟಿ1’. ಸ್ನಾಯುವಿಗೆ ಹೊಕ್ಕರೆ ‘ಟಿ2’, ಅಲ್ಲಿಂದ ಆಟವೇ ಬೇರೆ. ಎತ್ತರ ಬೆಳೆಯದೆ ಒಳಪದರದಲ್ಲೇ ಚಪ್ಪಟೆಯಾಗಿ ಹರಡುವ ಇನ್ನೊಂದು ಜಾತಿಯಿದೆ, ನೋಡಲು ಸಾಧು, ಸ್ವಭಾವ ಕೆಟ್ಟದು. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ, ಪತ್ತೆಯಾಗುವ ಹೊತ್ತಿಗೆ ನಾಲ್ವರಲ್ಲಿ ಸುಮಾರು ಮೂವರಿಗೆ ಸ್ನಾಯು ಇನ್ನೂ ಸುರಕ್ಷಿತವಾಗಿರುತ್ತದೆ. ಅಂದರೆ ಬಹುಪಾಲು ಜನರಿಗೆ ಮೂತ್ರಕೋಶ ಉಳಿಸಿಕೊಳ್ಳುವ ಅವಕಾಶ ಉಂಟು. ಟಿ1 ಅಥವಾ ಕೆಟ್ಟ ದರ್ಜೆಯ ಗಡ್ಡೆಯಾದರೆ ಎರಡರಿಂದ ಆರು ವಾರದೊಳಗೆ ಮತ್ತೊಮ್ಮೆ ಒಳಗೆ ಹೋಗಿ ಕೆರೆಯುತ್ತಾರೆ. “ಮೊದಲ ಸಲ ಸರಿ ಮಾಡಲಿಲ್ಲವಾ ಡಾಕ್ಟ್ರು?” ಎಂದು ಮನೆಯವರು ಸಿಡುಕುತ್ತಾರೆ. ಸರಿಯಾಗಿ ಮಾಡುವ ವೈದ್ಯರೇ ಎರಡನೇ ಸಲ ಕರೆಯುವುದು.

ಸ್ನಾಯು ಮುಟ್ಟದ ಆದರೆ ಅಪಾಯದ ಗಡ್ಡೆಗೆ ಸಿಗುವ ಚಿಕಿತ್ಸೆ ಕೇಳಿದರೆ ನೀವೂ ನಗುತ್ತೀರಿ. ಎಳೆಗೂಸಿನ ಎಡತೋಳಿಗೆ ಚುಚ್ಚುವ ಬಿಸಿಜಿ, ಕ್ಷಯದ ಲಸಿಕೆ, ಅದನ್ನೇ ದೊಡ್ಡ ಪ್ರಮಾಣದಲ್ಲಿ ನಳಿಕೆಯ ಮೂಲಕ ಮೂತ್ರಕೋಶಕ್ಕೆ ಹಾಕುತ್ತಾರೆ! ಕೆನಡಾದ ಆಲ್ವಾರೊ ಮೊರಾಲೆಸ್ ಇದನ್ನು 1976ರಲ್ಲಿ ಪ್ರಕಟಿಸಿದರು. ಇವತ್ತಿಗೂ ಇದನ್ನು ಬದಿಗೆ ಸರಿಸುವ ಮದ್ದು ಸುಲಭಕ್ಕೆ ಸಿಕ್ಕಿಲ್ಲ. ಲಸಿಕೆಯ ದುರ್ಬಲ ರೋಗಾಣುಗಳನ್ನು ಕಂಡು ಮೈಯ ರಕ್ಷಣಾ ವ್ಯವಸ್ಥೆ ಎದ್ದು ಬರುತ್ತದೆ, ಬಂದದ್ದೇ ಗಡ್ಡೆಯ ಕೋಶಗಳ ಮೇಲೂ ಬೀಳುತ್ತದೆ. ವಾರಕ್ಕೊಂದರಂತೆ ಆರು ವಾರ, ಆಮೇಲೆ ಒಂದರಿಂದ ಮೂರು ವರ್ಷ ನಡುನಡುವೆ ಮೂರು ಮೂರು ವಾರ. ಹಾಕಿದ ಮೇಲೆ ಎರಡು ಗಂಟೆ ತಡೆದುಕೊಂಡಿರಬೇಕು. ಮುಂದಿನ ಆರು ಗಂಟೆ ಕುಳಿತೇ ಮೂತ್ರ ಮಾಡಬೇಕು, ಪಾಯಿಖಾನೆಗೆ ಬ್ಲೀಚ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ನೀರು ಬಿಡಬೇಕು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಇದನ್ನು ತಯಾರಿಸುತ್ತದೆ. ಅಮೆರಿಕದವರು ಇದರ ಅಭಾವದಿಂದ ವರ್ಷಗಟ್ಟಲೆ ಒದ್ದಾಡಿದ್ದಾರೆ. ಬಿಸಿಜಿ ಹಾಕಿದ ರಾತ್ರಿ ಮೂತ್ರ ಉರಿಯುತ್ತದೆ, ಮೈ ಸ್ವಲ್ಪ ಬಿಸಿಯಾಗುತ್ತದೆ. ನಿಮ್ಮ ಇಷ್ಟು ವರ್ಷದ ಸೇವೆಯಲ್ಲಿ ಮೂತ್ರದ ಉರಿಗೂ ಮೈಬಿಸಿಗೂ ಒಂದೇ ಕಾರಣ ನಿಜವಾಗಿ ಸಿಗುವುದು ಇಲ್ಲಿ, ಅದೂ ನಿಮ್ಮದಲ್ಲ. ಜ್ವರ ಜೋರಾದರೆ ಅಥವಾ ಇಳಿಯದೆ ನಿಂತರೆ ಮಾತ್ರ ಆಸ್ಪತ್ರೆಗೆ ಓಡಬೇಕು.

ಗಡ್ಡೆ ಸ್ನಾಯುವಿಗೆ ಇಳಿದಿದ್ದರೆ ಮಾತು ಕಠಿಣವಾಗುತ್ತದೆ. ಸಿಸ್ಪ್ಲಾಟಿನ್ ಇರುವ ಕೀಮೋ ಮೊದಲು, ಆಮೇಲೆ ಇಡೀ ಮೂತ್ರಕೋಶ ತೆಗೆಯುವ ಶಸ್ತ್ರಕ್ರಿಯೆ. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯೂ ಹೋಗುತ್ತದೆ, ಹೆಂಗಸರಲ್ಲಿ ಬಹಳ ಸಲ ಗರ್ಭಕೋಶವೂ. ಮೂತ್ರ ಹೋಗಲು ಬೇರೆ ದಾರಿ ಬೇಕಲ್ಲ? ಸಣ್ಣ ಕರುಳಿನ ಒಂದು ತುಂಡಿಗೆ ಹೊಟ್ಟೆಯ ಮೇಲೆ ಬಾಯಿ ತೆರೆಯಿಸಿ ಅಲ್ಲಿಗೆ ಚೀಲ ಅಂಟಿಸುವುದು ಒಂದು. ಅದೇ ಕರುಳಿನಿಂದ ಹೊಸ ಕೋಶ ಹೊಲಿದು ಹಳೆ ದಾರಿಗೇ ಜೋಡಿಸುವುದು ಇನ್ನೊಂದು, ಅದಕ್ಕೆ ಮೂತ್ರಪಿಂಡ ಚೆನ್ನಾಗಿರಬೇಕು, ರೋಗಿಗೆ ತಾಳ್ಮೆಯೂ ಬೇಕು. ಆಯ್ದ ಕೆಲವರಲ್ಲಿ ಗಡ್ಡೆಯನ್ನು ಪೂರ್ತಿ ಕೆರೆದು ವಿಕಿರಣ, ಕೀಮೋ ಒಟ್ಟಿಗೆ ಕೊಟ್ಟು ಕೋಶ ಉಳಿಸುವುದೂ ಸಾಧ್ಯ. ಎಲ್ಲರಿಗೂ ಆಗುವುದಿಲ್ಲ. ಆದರೆ ನನಗೆ ಆಗುತ್ತದಾ ಎಂದು ಕೇಳುವುದಕ್ಕೆ ಎಲ್ಲರಿಗೂ ಹಕ್ಕಿದೆ, ಶಸ್ತ್ರವೈದ್ಯರೊಬ್ಬರನ್ನೇ ಅಲ್ಲ, ಕ್ಯಾನ್ಸರ್ ವೈದ್ಯರನ್ನೂ.

ಚೀಲ ಎಂದ ಕೂಡಲೇ ರೋಗಿ ಸಾವಿಗಿಂತ ಹೆಚ್ಚು ಅದಕ್ಕೆ ಹೆದರುತ್ತಾನೆ. ಮದುವೆಗೆ ಹೋಗಬಹುದಾ? ದೇವಸ್ಥಾನಕ್ಕೆ? ನಮಾಜಿಗೆ? ವಾಸನೆ ಬಂದರೆ? ಯಕ್ಷಗಾನಕ್ಕೆ ರಾತ್ರಿಯಿಡೀ ಕೂತರೆ ತುಂಬಿಬಿಡುತ್ತದಾ? ಕೊನೆಯದಕ್ಕೆ ಉತ್ತರ ಸುಲಭ: ರಾತ್ರಿಗೆ ಜೋಡಿಸುವ ದೊಡ್ಡ ಚೀಲ ಬೇರೆಯೇ ಸಿಗುತ್ತದೆ. ಉಳಿದವಕ್ಕೆ ಅಂಥದ್ದೇ ಚೀಲದವರು ಒಬ್ಬರು ಬಂದು ಎದುರು ಕೂತರೆ ಸಾಕು, ವೈದ್ಯರ ಒಂದು ಗಂಟೆಯ ಸಮಾಧಾನಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ನಟ ವಿನೋದ್ ಖನ್ನಾ 2017ರಲ್ಲಿ ಈ ಕ್ಯಾನ್ಸರಿನಿಂದಲೇ ತೀರಿಕೊಂಡರು, ಅದು ಬಹಳ ಮುಂದುವರಿದಿತ್ತು. 2021ರಲ್ಲಿ ಇದಕ್ಕೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಿರ್ದೇಶಕ ಮಹೇಶ್ ಮಾಂಜ್ರೇಕರ್ ಮತ್ತೆ ಸಿನಿಮಾ ಕೆಲಸಕ್ಕೆ ಮರಳಿದರು.

ಒಂದು ಸಲ ಪರೀಕ್ಷೆ ಮಾಡಿಸಿ “ಏನೂ ಸಿಗಲಿಲ್ಲ” ಎಂದ ಮೇಲೂ ರಕ್ತ ಮರಳಿದರೆ ನಿಮ್ಮನ್ನು ಕರೆಯಬಾರದು. ಅಮೆರಿಕದ ಉಪಾಧ್ಯಕ್ಷರಾಗಿದ್ದ ಹ್ಯೂಬರ್ಟ್ ಹಂಫ್ರಿಗೆ 1967ರಲ್ಲಿ ಮೂತ್ರದಲ್ಲಿ ರಕ್ತ ಬಂತು. ಪರೀಕ್ಷೆಗಳಾದವು, ಆದರೆ ಪರಿಣತರಲ್ಲಿ ಒಮ್ಮತ ಬರಲಿಲ್ಲ. ಮರುವರ್ಷ ಅವರು ಅಧ್ಯಕ್ಷ ಸ್ಥಾನಕ್ಕೆ ನಿಂತು ನಿಕ್ಸನ್ ಎದುರು ಸೋತರು. 1976ರಲ್ಲಿ ಮೂತ್ರಕೋಶ ತೆಗೆಯಬೇಕಾಯಿತು, 1978ರ ಜನವರಿಯಲ್ಲಿ ತೀರಿಕೊಂಡರು. 1994ರಲ್ಲಿ ಸಂಶೋಧಕರು 1967ರ ಕಾಪಿಟ್ಟ ಮಾದರಿಯನ್ನು ತೆರೆದು ನೋಡಿದರೆ, ಕೊನೆಗೆ ತೆಗೆದ ಗಡ್ಡೆಯಲ್ಲಿದ್ದ ಜೀನಿನ ದೋಷವೇ ಅದರಲ್ಲೂ ಇತ್ತು. ಶ್ವೇತಭವನದ ಪಕ್ಕದಲ್ಲಿದ್ದವರಿಗೇ ಹೀಗಾದರೆ, ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವವರು ಒಂದು ನಾರ್ಮಲ್ ರಿಪೋರ್ಟನ್ನು ಜನ್ಮಪತ್ರಿಕೆಯಂತೆ ಜೋಪಾನ ಮಾಡುವುದು ಸರಿಯಲ್ಲ.

ಖರ್ಚಿನ ಮಾತೂ ನಿಮ್ಮ ಬಲವೇ. ನಿಮ್ಮಲ್ಲಿ ಒಂದು ಬೊಂಡದ ಬೆಲೆ, ಅಲ್ಲಿ ಸಾವಿರಗಟ್ಟಲೆ, ಲಕ್ಷಗಟ್ಟಲೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವ್ಯವಸ್ಥೆ ಇದೆ. ಎಪಿಎಲ್‌ನವರಿಗೆ ವೆಚ್ಚದ ಶೇ 30ರಷ್ಟು, 1.5 ಲಕ್ಷದ ಮಿತಿಯಲ್ಲಿ. ಸರ್ಕಾರಿ ಆಸ್ಪತ್ರೆಯಿಂದ ರೆಫರೆನ್ಸ್ ಪತ್ರ ತಂದರೆ ದಾರಿ ತೆರೆಯುತ್ತದೆ. ಆ ಪತ್ರಕ್ಕೆ ಒಂದು ದಿನ ಹಾಳಾಗುತ್ತದೆ ಎಂದು ಬೊಂಡದಲ್ಲಿ ಆರು ತಿಂಗಳು ಹಾಳು ಮಾಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಕೊನೆಯ ಕೋರಿಕೆ. ಈ ಗಡ್ಡೆ ತೆಗೆದರೂ ಮತ್ತೆ ಮೂಡುವ ಚಾಳಿಯದು, ಸ್ನಾಯು ಮುಟ್ಟದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮರಳುತ್ತದೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ಕ್ಯಾಮೆರಾ ಹಾಕಿ ನೋಡಲು ಬರಹೇಳುತ್ತಾರೆ, ಆಮೇಲೆ ಅಂತರ ಹೆಚ್ಚಿಸುತ್ತಾರೆ, ವರ್ಷಗಟ್ಟಲೆ ಬಿಡುವುದಿಲ್ಲ. ಕೆರೆದು ಎರಡು ವಾರಕ್ಕೆ ಒಳಗಿನ ಹಕ್ಕಳೆ ಉದುರುವಾಗ ಮೂತ್ರ ಒಂದೆರಡು ದಿನ ಕೆಂಪಾಗಬಹುದು. ಅದು ಡಿಸ್ಚಾರ್ಜ್ ಕಾರ್ಡಿನಲ್ಲೇ ಬರೆದಿರುತ್ತದೆ, ನೀರು ಕುಡಿಯಿರಿ ಎಂದು. ಆ ಹೊತ್ತಿಗೆ ನೀವು ಮೆಲ್ಲನೆ ಒಳಗೆ ಬಂದು “ನೋಡಿದಿರಾ, ನಾನು ಮೊದಲೇ ಹೇಳಿರಲಿಲ್ವಾ” ಎಂದು ಖುರ್ಚಿ ಎಳೆದುಕೊಂಡು ಕೂರಬಾರದು. ಮೂರನೇ ತಿಂಗಳು ಆಸ್ಪತ್ರೆಯಿಂದ ಫೋನ್ ಬಂದಾಗ “ಈಗ ಎಂತದ್ದೂ ತೊಂದರೆ ಇಲ್ಲ, ಮಳೆಗಾಲ ಮುಗಿದ ಮೇಲೆ ಬರ್ತೇನೆ” ಎಂದು ರೋಗಿಯ ಬಾಯಲ್ಲಿ ಹೇಳಿಸಲೂಬಾರದು.

ನಿಮ್ಮ ಉಳಿದ ರೋಗಿಗಳು ನಿಮಗೇ ಇರಲಿ. ಬಾಯಿಹುಣ್ಣಿಗೆ ನಾನೇ ನಿಮ್ಮಲ್ಲಿಗೆ ಬರುತ್ತೇನೆ.

ಇತಿ,
ನಿಮ್ಮ ಹಳೆಯ ಪೇಷಂಟು,
ಮಂಗಳೂರು